ಪಿಎಚ್.ಡಿ ಪ್ರವೇಶ ಮತ್ತು ನೋಂದಣಿಯ ಷರತ್ತುಗಳನ್ನು ಪರಿಷ್ಕರಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು,
ಬೆಂಗಳೂರು.

ವಿಷಯ: ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ ಪ್ರವೇಶ, ನೋಂದಣಿ ಹಾಗೂ ನೋಂದಣಿ ಮುಂದುವರಿಕೆಗೆ ವಿಧಿಸಲಾಗುತ್ತಿರುವ ಷರತ್ತುಗಳ ಕುರಿತು.

ಮಾನ್ಯರೆ,

ರಾಜ್ಯದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿಗೆ ನೋಂದಾಯಿಸಿಕೊಂಡವರು ಮತ್ತು ಅರ್ಜಿ ಹಾಕಿ ಕಾಯುತ್ತಿರುವವರು ಒಟ್ಟಾಗಿ ಈ ಮನವಿ ಸಲ್ಲಿಸುತ್ತಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗದವರು. ಹಲವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಲೇ ಸಂಶೋಧನೆಗೆ ಇಳಿದವರು. ಮನೆಯಲ್ಲಿ ಮೊದಲು ಪದವಿ ಪಡೆದವರೂ ಕಡಿಮೆಯಿಲ್ಲ.

ಪ್ರವೇಶದ ಮಟ್ಟ ಇಳಿಸಿ ಎಂದು ನಾವು ಕೇಳುತ್ತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರ್ 7ರಂದು ಹೊರಡಿಸಿದ ಪಿಎಚ್.ಡಿ ನಿಯಮಾವಳಿಯು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಕೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮುಂತಾದವರಿಗೆ ಶೇ 5ರ ರಿಯಾಯಿತಿ ಕೊಡುತ್ತದೆ. ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ ನಿಗದಿ ಮಾಡಿದೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರಬೇಕು ಎಂದಿದೆ. ಇವೆಲ್ಲವೂ ಇರಲಿ. ಓದಿ, ಬರೆದು, ಗೆದ್ದು ಬರಬಹುದಾದ ಷರತ್ತುಗಳಿವು. ನಮ್ಮನ್ನು ಕಂಗೆಡಿಸಿರುವುದು ಬೇರೆ ಬಗೆಯವು: ಇನ್ನೊಬ್ಬರ ಸಹಿ ಬೀಳದಿದ್ದರೆ, ಇನ್ನೊಂದು ಕಚೇರಿ ಕದಲದಿದ್ದರೆ ವಿದ್ಯಾರ್ಥಿ ಏನೇ ಮಾಡಿದರೂ ಪೂರೈಸಲಾಗದಂಥವು.

ಮೊದಲನೆಯದು ನಿರಾಕ್ಷೇಪಣಾ ಪತ್ರ (ಎನ್‌ಒಸಿ). ಅರೆಕಾಲಿಕ ಪಿಎಚ್.ಡಿಗೆ ಸೇರುವವರು ಉದ್ಯೋಗದಾತರಿಂದ ಎನ್‌ಒಸಿ ತರಬೇಕೆಂದು ಆಯೋಗದ ನಿಯಮವಿದೆ. ಅಭ್ಯರ್ಥಿಗೆ ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಕಾಯಂ ನೌಕರಿ ಇದ್ದವರಿಗೆ ಇದೊಂದು ದಿನದ ಕೆಲಸ. ಅತಿಥಿ ಉಪನ್ಯಾಸಕರ ಪಾಡು ನೋಡಿ. ನಮೂನೆಯಲ್ಲಿ ನೇಮಕಾತಿ ಆದೇಶದ ಸಂಖ್ಯೆ, ನೇಮಕವಾದ ದಿನಾಂಕ, ಕಾಯಂ ಅಥವಾ ತಾತ್ಕಾಲಿಕ, ನೇಮಕಾತಿ ಪ್ರಾಧಿಕಾರಿಯ ಸಹಿ ಮತ್ತು ಮೊಹರು ಎಂದು ಸಾಲುಗಳಿವೆ. ಪ್ರಾಂಶುಪಾಲರ ಬಳಿ ಹೋದರೆ, ‘ನಿಮ್ಮನ್ನು ನೇಮಿಸಿದವನು ನಾನಲ್ಲ, ಕೌನ್ಸೆಲಿಂಗ್‌ನಲ್ಲಿ ಬಂದವರು ನೀವು, ಮೇಲೆ ಕೇಳಿ’ ಎನ್ನುತ್ತಾರೆ. ಮೇಲಿನ ಕಚೇರಿಗೆ ಹೋದರೆ, ಅತಿಥಿ ಉಪನ್ಯಾಸಕರು ಇಲಾಖೆಯ ನೌಕರರೇ ಅಲ್ಲ, ಆದ್ದರಿಂದ ಎನ್‌ಒಸಿ ಕೊಡಲು ಅವಕಾಶವಿಲ್ಲ ಎಂಬ ಉತ್ತರ. ವಿಶ್ವವಿದ್ಯಾಲಯಕ್ಕೆ ಮರಳಿದರೆ ಎನ್‌ಒಸಿ ಇಲ್ಲದ ಅರ್ಜಿ ಅಪೂರ್ಣವೆಂದು ತಿರಸ್ಕಾರ.

ಹಾಗಾದರೆ ಪೂರ್ಣಾವಧಿಗೆ ಸೇರಿ ಎನ್ನುತ್ತಾರೆ. ಅದಕ್ಕೆ ಎಲ್ಲಿಯೂ ದುಡಿಯುತ್ತಿಲ್ಲ ಎಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಗೆದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅವರು ಧೈರ್ಯವಾಗಿ ಸಹಿ ಹಾಕಬಹುದು. ಫೆಲೋಶಿಪ್ ಇಲ್ಲದವರು ಆ ಮುಚ್ಚಳಿಕೆಗೆ ಸಹಿ ಹಾಕಿದ ದಿನವೇ ಊಟದ ದಾರಿ ಮುಚ್ಚುತ್ತದೆ. ಅತಿಥಿ ಉಪನ್ಯಾಸಕರಾಗಿ ಉಳಿಯಬೇಕಾದರೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ ಇರಲಿ ಎಂದು ಒತ್ತುತ್ತಿರುವುದೂ ಸರ್ಕಾರವೇ, ಆ ಪಿಎಚ್.ಡಿಗೆ ಬೇಕಾದ ಒಂದು ಹಾಳೆಯನ್ನು ಕೊಡಲು ಯಾರಿಗೂ ಅಧಿಕಾರವಿಲ್ಲ ಎನ್ನುತ್ತಿರುವುದೂ ಸರ್ಕಾರದ್ದೇ ಕಚೇರಿ. ಹತ್ತಾರು ವರ್ಷ ಪಾಠ ಮಾಡಿದವರನ್ನು ಹೀಗೆ ಎರಡು ಬಾಗಿಲುಗಳ ನಡುವೆ ನಿಲ್ಲಿಸುವುದು ಅನ್ಯಾಯ ಎಂದು ನೇರವಾಗಿಯೇ ಹೇಳುತ್ತೇವೆ.

ಆದ್ದರಿಂದ ಅತಿಥಿ, ಗುತ್ತಿಗೆ ಮತ್ತು ಗಂಟೆ ಲೆಕ್ಕದ ಬೋಧಕರ ವಿಷಯದಲ್ಲಿ, ಪಾಠ ಮಾಡುತ್ತಿರುವ ಕಾಲೇಜಿನ ಪ್ರಾಂಶುಪಾಲರು ಕೊಡುವ ಸೇವಾ ದೃಢೀಕರಣ ಮತ್ತು ಅಭ್ಯರ್ಥಿಯ ಸ್ವಯಂ ಘೋಷಣೆಯನ್ನೇ ಎನ್‌ಒಸಿ ಎಂದು ಪರಿಗಣಿಸುವಂತೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಸುತ್ತೋಲೆ ಹೊರಡಿಸಬೇಕು. ಪ್ರಾಂಶುಪಾಲರಿಗೆ ಈ ಅಧಿಕಾರವಿದೆ ಎಂಬುದನ್ನು ಕಾಲೇಜು ಶಿಕ್ಷಣ ಇಲಾಖೆಯಿಂದ ಲಿಖಿತವಾಗಿ ಸ್ಪಷ್ಟಪಡಿಸಬೇಕು. ಇಂಥ ಬೋಧಕರ ಕೋರ್ಸ್‌ವರ್ಕ್ ತರಗತಿಗಳನ್ನು ಶನಿವಾರ, ಭಾನುವಾರ ಅಥವಾ ಸೆಮಿಸ್ಟರ್ ರಜೆಯಲ್ಲಿ ನಡೆಸಬೇಕು. ಇದರಿಂದ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಹೊರೆಯೇನೂ ಬೀಳದು.

ಎರಡನೆಯದು ದಿನಾಂಕದ ಲೆಕ್ಕ. ಆಯೋಗದ ನಿಯಮಾವಳಿಯ ಪ್ರಕಾರ ಪಿಎಚ್.ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಗರಿಷ್ಠ ಅವಧಿಯನ್ನು ಎಣಿಸಬೇಕಾದದ್ದು ಪ್ರವೇಶ ಪಡೆದ ದಿನದಿಂದ. ನಮ್ಮಲ್ಲಿ ಪ್ರವೇಶ ಶುಲ್ಕ ಕಟ್ಟಿದ ಮೇಲೆ ಗೈಡ್ ಹಂಚಿಕೆಯಾಗಬೇಕು, ಡಾಕ್ಟರಲ್ ಸಮಿತಿ ಸೇರಬೇಕು, ವಿಷಯಕ್ಕೆ ಒಪ್ಪಿಗೆ ಸಿಗಬೇಕು, ಕೋರ್ಸ್‌ವರ್ಕ್ ಪರೀಕ್ಷೆ ನಡೆದು ಫಲಿತಾಂಶ ಬರಬೇಕು. ಆ ನಂತರವಷ್ಟೇ ಕಾಯಂ ನೋಂದಣಿಯ ಆದೇಶ. ಸಮಿತಿಯ ಸಭೆ ಮುಂದೂಡಿದರೆ, ಪರೀಕ್ಷೆಯ ವೇಳಾಪಟ್ಟಿ ತಡವಾದರೆ ಅದಕ್ಕೆ ವಿದ್ಯಾರ್ಥಿ ಹೊಣೆಯಲ್ಲ. ಹಾಗಿದ್ದರೂ ಗರಿಷ್ಠ ಅವಧಿ ಮುಗಿಯಿತೆಂದು ದಂಡ ಹಾಕುವಾಗ ಕಚೇರಿಯು ಪ್ರವೇಶದ ದಿನದಿಂದ ಎಣಿಸುತ್ತದೆ, ಮಹಾಪ್ರಬಂಧ ಸಲ್ಲಿಸಲು ಬಂದವರಿಗೆ ಇನ್ನೂ 3 ವರ್ಷ ತುಂಬಿಲ್ಲ ಎನ್ನುವಾಗ ಕಾಯಂ ನೋಂದಣಿಯ ದಿನದಿಂದ ಎಣಿಸುತ್ತದೆ. ಎರಡು ಲೆಕ್ಕದಲ್ಲೂ ಸೋಲುವವರು ನಾವೇ. ಎರಡಕ್ಕೂ ಪ್ರವೇಶದ ದಿನಾಂಕವೇ ಆಧಾರವಾಗಲಿ. ವಿಶ್ವವಿದ್ಯಾಲಯದ ಕಡೆಯಿಂದ ತಡವಾದಷ್ಟು ಅವಧಿಯನ್ನು, ಆಯೋಗದ ಮಿತಿಯೊಳಗೆ, ಯಾವ ವಿಸ್ತರಣಾ ಶುಲ್ಕವೂ ಇಲ್ಲದೆ ಕೊಡಬೇಕು.

ಇದೇ ಮಾತು ಮಹಾಪ್ರಬಂಧ ಸಲ್ಲಿಸಿದ ನಂತರದ ಹಂತಕ್ಕೂ ಸಲ್ಲುತ್ತದೆ. ಮೌಲ್ಯಮಾಪನ ಮತ್ತು ಮೌಖಿಕ ಪರೀಕ್ಷೆಯ ಫಲಿತಾಂಶ ಸೇರಿ ಎಲ್ಲವೂ 6 ತಿಂಗಳಲ್ಲಿ ಮುಗಿಯಬೇಕೆಂದು ನಿಯಮಾವಳಿ ಹೇಳುತ್ತದೆ. ಪರೀಕ್ಷಕರ ವರದಿ ಬಾರದೆ ವರ್ಷ ದಾಟಿದರೂ ವಾರ್ಷಿಕ ಶುಲ್ಕದ ಚಲನ್ ಮಾತ್ರ ತಪ್ಪುವುದಿಲ್ಲ. ಪ್ರಬಂಧ ಸಲ್ಲಿಸಿದ ದಿನದಿಂದ ಯಾವುದೇ ಶುಲ್ಕ ಕೇಳಬಾರದು. 6 ತಿಂಗಳು ಮೀರಿದರೆ ವರದಿ ಯಾವ ಹಂತದಲ್ಲಿದೆ ಎಂದು ಮೌಲ್ಯಮಾಪನ ಕುಲಸಚಿವರು ವಿದ್ಯಾರ್ಥಿಗೆ ಲಿಖಿತವಾಗಿ ತಿಳಿಸಬೇಕು.

ಮಹಿಳಾ ಸಂಶೋಧಕರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಕೊಡಬಹುದು, ಅವಧಿಯಲ್ಲಿ 2 ವರ್ಷ ಹೆಚ್ಚುವರಿ ಸಡಿಲಿಕೆ ಕೊಡಬಹುದು ಎಂದು ಆಯೋಗ ಹೇಳಿದೆ. ನಮ್ಮ ಅರ್ಧವಾರ್ಷಿಕ ಪ್ರಗತಿ ವರದಿಯ ನಮೂನೆಯಲ್ಲಿ ರಜೆ ಎಂಬ ಅಂಕಣವೇ ಇಲ್ಲ. ಬಾಣಂತಿಯೊಬ್ಬರು ವರದಿ ಸಲ್ಲಿಸದಿದ್ದುದನ್ನು ‘ಪ್ರಗತಿ ಶೂನ್ಯ’ ಎಂದು ದಾಖಲಿಸಿ ವಿಳಂಬ ಶುಲ್ಕ ಹಾಕಲಾಯಿತು. ಮಗು ಮೂರು ತಿಂಗಳದ್ದಿರುವಾಗ ಆಕೆ ಆ ಚಲನ್ ಕಟ್ಟಲು ಬಸ್ ಹಿಡಿದು ವಿಶ್ವವಿದ್ಯಾಲಯಕ್ಕೆ ಬಂದರು. ರಜೆಯನ್ನು ಹಕ್ಕಾಗಿ ನಮೂದಿಸುವ ಅಂಕಣ ನಮೂನೆಯಲ್ಲಿ ಇರಲಿ. ಆ ಅವಧಿಗೆ ಶುಲ್ಕ, ದಂಡ, ವರದಿ ಯಾವುದೂ ಬೇಡ.

ಪೂರ್ಣಾವಧಿಯವರ ಹಾಜರಾತಿಯ ಷರತ್ತೂ ಸಂಶೋಧನೆಗೆ ಹೊಂದುವುದಿಲ್ಲ. ಇತಿಹಾಸದ ವಿದ್ಯಾರ್ಥಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕಡತ ಓದುತ್ತಿರಬೇಕಾದ ದಿನ ವಿಭಾಗದ ಪುಸ್ತಕದಲ್ಲಿ ಸಹಿ ಮಾಡಲು ಕಾದಿರುತ್ತಾನೆ. ಕ್ಷೇತ್ರಕಾರ್ಯ ಮತ್ತು ಗ್ರಂಥಾಲಯದ ದಿನಗಳನ್ನು ಗೈಡ್ ದೃಢೀಕರಿಸಿದರೆ ಹಾಜರಾತಿ ಎಂದೇ ಎಣಿಸಬೇಕು.

ಪ್ರವೇಶದ ವೇಳಾಪಟ್ಟಿಯ ವಿಷಯ ತುರ್ತಿನದು. 2024ರ ಜೂನ್‌ನಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಕೊಡಲಾಗುತ್ತಿದೆ. ಎರಡು ಮತ್ತು ಮೂರನೇ ವರ್ಗದವರ ಅಂಕಗಳು ಪಿಎಚ್.ಡಿ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಊರ್ಜಿತ. ಆ ವರ್ಷದಲ್ಲಿ ವಿಶ್ವವಿದ್ಯಾಲಯ ಅರ್ಜಿಯನ್ನೇ ಕರೆಯದಿದ್ದರೆ ಆ ಅಂಕ ವ್ಯರ್ಥ. ಪ್ರತಿವರ್ಷ ನಿಗದಿತ ತಿಂಗಳಲ್ಲಿ, ವಿಷಯವಾರು ಖಾಲಿ ಸ್ಥಾನ ಮತ್ತು ಗೈಡ್‌ಗಳ ಪಟ್ಟಿಯೊಂದಿಗೆ ಅಧಿಸೂಚನೆ ಹೊರಡಲೇಬೇಕು. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳೆಂಬ ಮಿತಿ ಇರುವಾಗ, ಬೋಧಕ ಹುದ್ದೆಗಳು ಖಾಲಿ ಉಳಿದಷ್ಟೂ ಸ್ಥಾನಗಳು ಕುಗ್ಗುತ್ತವೆ. ಹೀಗಿರುವಾಗ ಗೈಡ್ ಒಪ್ಪಿಗೆ ಪತ್ರ ತಂದವರಿಗಷ್ಟೇ ಅರ್ಜಿ ಎಂಬ ಷರತ್ತು ಪರಿಚಯ ಇದ್ದವರಿಗೆ ಮಾತ್ರ ಅನುಕೂಲ. ಹಂಚಿಕೆಯನ್ನು ವಿಭಾಗವೇ ಮಾಡಲಿ. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ, ಸಂಶೋಧನಾ ವಿಧಾನದ ಭಾಗ ಸೇರಿ, ಕನ್ನಡದಲ್ಲೂ ಇರಬೇಕು, ಕನ್ನಡದಲ್ಲಿ ಎಂ.ಎ. ಮುಗಿಸಿ ಕನ್ನಡದಲ್ಲೇ ಪ್ರಬಂಧ ಬರೆಯಲಿರುವವರನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸುವುದಕ್ಕೆ ಸಕಾರಣ ನಮಗೆ ಕಾಣುತ್ತಿಲ್ಲ.

ಕೊನೆಯದಾಗಿ, ಮೂಲ ದಾಖಲೆಗಳು. ಪರಿಶೀಲಿಸಿದ ಕೂಡಲೇ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಬೇಕೆಂದು ಆಯೋಗ 2018ರಲ್ಲೇ ಹೇಳಿದೆ. ಡಿಜಿಲಾಕರ್‌ನಲ್ಲಿರುವ ದಾಖಲೆಗೆ ಮೂಲ ಪ್ರತಿಯಷ್ಟೇ ಕಾನೂನಿನ ಮಾನ್ಯತೆ ಇದೆ. ಆದರೂ ನಮ್ಮ ಅಂಕಪಟ್ಟಿಗಳು ಕಚೇರಿಯ ಬೀರುವಿನಲ್ಲಿವೆ. ಅವನ್ನು ಹಿಂದಿರುಗಿಸಲು ದಯವಿಟ್ಟು ಆದೇಶಿಸಿ.

ಮುಂದಿನ ಪಿಎಚ್.ಡಿ ಅಧಿಸೂಚನೆ ಹೊರಡುವ ಮೊದಲೇ ಕುಲಪತಿಗಳು, ಕಾಲೇಜು ಶಿಕ್ಷಣ ಇಲಾಖೆಯ ಅಧಿಕಾರಿಗಳು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಪ್ರತಿನಿಧಿಗಳ ಸಭೆಯನ್ನು ತಾವು ಕರೆಯಬೇಕೆಂದು ಕೋರುತ್ತೇವೆ. ತಿರಸ್ಕೃತ ಅರ್ಜಿಗಳು, ಕಚೇರಿಗಳು ಕೊಟ್ಟ ಹಿಂಬರಹಗಳು ಮತ್ತು ಶುಲ್ಕದ ಚಲನ್‌ಗಳ ಪ್ರತಿಗಳನ್ನು ಆ ಸಭೆಗೆ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಂಶೋಧನಾ ವಿದ್ಯಾರ್ಥಿಗಳು ಮತ್ತು ಪಿಎಚ್.ಡಿ ಆಕಾಂಕ್ಷಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಪ್ರಧಾನ ಕಾರ್ಯದರ್ಶಿಗಳು, ಉನ್ನತ ಶಿಕ್ಷಣ ಇಲಾಖೆ, ಬೆಂಗಳೂರು — ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ.