ಮೈ ತುಂಬಿಕೊಂಡಿದೆ ಎನ್ನುವವರಿಗೆ

ರವಿಕೆ ಹೊಲಿಯುವ ಟೈಲರಿಗೆ ನಮ್ಮ ಹೆಂಗಸರ ಭವಿಷ್ಯ ಚೆನ್ನಾಗಿ ಗೊತ್ತು. ಪಕ್ಕಗಳಲ್ಲಿ ಒಂದಿಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಎರಡು ಮೂರು ಸಾಲು ಹೊಲಿಗೆ ಹಾಕಿಯೇ ಕೊಡುತ್ತಾನೆ. ಬಿಗಿಯಾದಾಗ ಒಂದು ಸಾಲು ಬಿಚ್ಚಿದರಾಯಿತು. ಸಾಲುಗಳೆಲ್ಲ ಮುಗಿದ ಮೇಲೆ ಹೇಗೂ ನೈಟಿ ಇದೆ. ಸೀರೆಯೂ ನೈಟಿಯೂ ಸೊಂಟದ ಅಳತೆ ಕೇಳುವುದಿಲ್ಲವಾದ್ದರಿಂದ ಹೊಟ್ಟೆ ಬೆಳೆದದ್ದು ಮನೆಯಲ್ಲಿ ಯಾರಿಗೂ ಸುದ್ದಿಯಾಗುವುದಿಲ್ಲ. ಮದುವೆಯಲ್ಲಿ 50 ಕೆಜಿ ಇದ್ದವಳು ಮಗಳ ಮದುವೆಯ ಹೊತ್ತಿಗೆ 75 ಮುಟ್ಟಿದರೆ ನಾವು ಹೊಗಳುತ್ತೇವೆ: ‘ಮೈ ತುಂಬಿಕೊಂಡಿದೆ’, ‘ಗಂಡನ ಮನೆ ನೀರು ಒಗ್ಗಿದೆ’.

ಈ ಹೊಗಳಿಕೆ ನಿಲ್ಲಬೇಕು. ಆ 25 ಕೆಜಿ ಅಂದಚೆಂದದ ವಿಷಯವಲ್ಲ, ಬರೀ ಮಂಡಿನೋವಿನ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ದೇಹದ ಅತಿ ಕೊಬ್ಬಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು 2016ರಲ್ಲೇ ಹೇಳಿತು. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿದೆ. ತೂಕ ಹೆಚ್ಚಿದರೆ ಶುಗರ್ ಬರುತ್ತದೆ, ಬಿಪಿ ಬರುತ್ತದೆ ಎಂದು ಬೀಗರೂಟದ ಪಂಕ್ತಿಯಲ್ಲೂ ಉಪದೇಶ ಮಾಡುವವರು ನಾವು. ಕ್ಯಾನ್ಸರ್ ಎಂದ ಕೂಡಲೇ ಮಾತ್ರ ಅದು ಹಣೆಬರಹವಾಗಿಬಿಡುತ್ತದೆ.

ಹಣೆಬರಹವಲ್ಲ, ಒಂದು ಕಿಣ್ವ. ಮುಟ್ಟು ಇರುವವರೆಗೆ ಈಸ್ಟ್ರೋಜೆನ್ ಹಾರ್ಮೋನನ್ನು ಮುಖ್ಯವಾಗಿ ಅಂಡಾಶಯ ತಯಾರಿಸುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46-47ರ ಸುಮಾರಿಗೆ ಅದು ಆ ಕೆಲಸ ಬಿಡುತ್ತದೆ. ಆದರೆ ಕೊಬ್ಬಿನ ಅಂಗಾಂಶದಲ್ಲಿ ಅರೋಮಟೇಸ್ ಎಂಬ ಕಿಣ್ವವಿದೆ. ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನುಗಳನ್ನು ಅದು ಈಸ್ಟ್ರೋಜೆನ್ ಆಗಿ ಬದಲಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ತಯಾರಿಕೆ ಹೆಚ್ಚು. ಅದರ ಜೊತೆಗೆ ಹೊಟ್ಟೆಯ ಬೊಜ್ಜು ಇನ್ಸುಲಿನ್ ಮಟ್ಟವನ್ನು ಏರಿಸುತ್ತದೆ, ರಕ್ತದಲ್ಲಿ ಈಸ್ಟ್ರೋಜೆನ್ನನ್ನು ಹಿಡಿದಿಡುವ ಪ್ರೋಟೀನನ್ನು ಇಳಿಸುತ್ತದೆ. ಹೀಗಾಗಿ ಸುಮ್ಮನಿರಬೇಕಾದ ವಯಸ್ಸಿನಲ್ಲಿ ಸ್ತನದ ಕೋಶಗಳಿಗೆ ಬೆಳೆಯಿರಿ ಎಂಬ ಅಪ್ಪಣೆ ಹೋಗುತ್ತಲೇ ಇರುತ್ತದೆ. ಮುಟ್ಟು ನಿಂತ ಅನೇಕ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳ ಕೆಲಸವೇ ಈ ಅರೋಮಟೇಸಿನ ಕೈ ಕಟ್ಟುವುದು. ಕಾಯಿಲೆ ಬಂದ ಮೇಲೆ ಮಾತ್ರೆಯಿಂದ ತಡೆಯುವುದನ್ನೇ ಅಷ್ಟು ವರ್ಷ ಒಬ್ಬಟ್ಟು, ತುಪ್ಪ, ಸೋಫಾಗಳಿಂದ ಸಾಕಿರುತ್ತೇವೆ.

ಎಷ್ಟು ಹೆಚ್ಚುತ್ತದೆ ಎಂದು ಕೇಳಿ. ಅಮೆರಿಕದಲ್ಲಿ 1976ರಿಂದ ನಡೆದಿರುವ ದಾದಿಯರ ಆರೋಗ್ಯ ಅಧ್ಯಯನದಲ್ಲಿ ಮುಟ್ಟು ನಿಂತ ಸುಮಾರು 87 ಸಾವಿರ ಹೆಂಗಸರ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಹದಿನೆಂಟರ ವಯಸ್ಸಿನಿಂದ ಈಚೆಗೆ 25 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಏರಿಸಿಕೊಂಡವರಿಗೆ, ತೂಕ ಕಾಯ್ದುಕೊಂಡವರಿಗಿಂತ ಸ್ತನ ಕ್ಯಾನ್ಸರಿನ ಅಪಾಯ ಶೇ 45ರಷ್ಟು ಹೆಚ್ಚಿತ್ತು. ಸೋಮಾರಿಗಳಿಗೆ ಕಷ್ಟವಾಗುವ ಮಾತು ಇನ್ನೊಂದಿದೆ. ಮುಟ್ಟು ನಿಂತ ಮೇಲೆ 10 ಕೆಜಿ ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ, ಹಾರ್ಮೋನ್ ಮಾತ್ರೆ ನುಂಗದವರ ಅಪಾಯ ಅರ್ಧಕ್ಕಿಂತ ಕೆಳಗಿಳಿದಿತ್ತು. ‘ಈ ವಯಸ್ಸಿನಲ್ಲಿ ಇನ್ನೇನು ಇಳಿಸೋದು ಬಿಡ್ರೀ’ ಎನ್ನುವ ನೆಪ ಅಲ್ಲಿಗೆ ಬಿತ್ತು.

ಮುಟ್ಟು ನಿಲ್ಲುವ ಮುಂಚಿನ ಕಥೆ ಬೇರೆ. ಆ ವಯಸ್ಸಿನಲ್ಲಿ ಬರುವ ಸ್ತನ ಕ್ಯಾನ್ಸರ್ ದಪ್ಪಗಿರುವವರಲ್ಲಿ ತುಸು ಕಡಿಮೆಯೇ ಕಾಣುತ್ತದೆ. ಇದನ್ನು ಎಲ್ಲೋ ಓದಿದವರು ಒಂದು ಜಾಮೂನು ಹೆಚ್ಚಿಗೆ ಬಡಿಸಿಕೊಳ್ಳುವ ಮುಂಚೆ ಯೋಚಿಸಲಿ: ಮೂವತ್ತೈದರಲ್ಲಿ ಕಟ್ಟಿಕೊಂಡ ಹೊಟ್ಟೆ ಐವತ್ತರಲ್ಲಿ ತಾನಾಗಿ ಕರಗಿದ್ದನ್ನು ಯಾರು ಕಂಡಿದ್ದಾರೆ? ಹಾಗೆಯೇ ಸಣಕಲು ಕೈಕಾಲು, ಗುಂಡು ಹೊಟ್ಟೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ. ಸಹಜ ತೂಕವಿದ್ದೂ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿದ್ದ, ಮುಟ್ಟು ನಿಂತ ಹೆಂಗಸರಿಗೆ ಅಪಾಯ ಸುಮಾರು ಎರಡು ಪಟ್ಟಿತ್ತೆಂದು 2019ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ನಮ್ಮವರ ಮೈಕಟ್ಟು ಇದೇ ಜಾತಿಯದು. ಅದಕ್ಕೇ ಭಾರತೀಯ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಎಂದು ನಮ್ಮ ವೈದ್ಯರು ಗೆರೆ ಎಳೆದಿದ್ದಾರೆ. ಟೇಪು ಹೊಲಿಗೆ ಡಬ್ಬಿಯಲ್ಲೇ ಇರುತ್ತದೆ, ತೆಗೆಯಿರಿ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 23ರಷ್ಟು ಹೆಂಗಸರು ಅತಿತೂಕದವರಾಗಿದ್ದರು. 2019-21ರ ಸಮೀಕ್ಷೆಯಲ್ಲಿ ಅದು ಶೇ 30. (ಹೊಟ್ಟೆಗಿಲ್ಲದೆ ಸೊರಗಿದ ಹೆಂಗಸರೂ ಅದೇ ಸಮೀಕ್ಷೆಯಲ್ಲಿದ್ದಾರೆ. ನನ್ನ ಬೈಗುಳ ಅವರಿಗಲ್ಲ.) ಇಷ್ಟಾದರೂ ಯಾರನ್ನು ಕೇಳಿದರೂ ‘ನಾನೇನು ತಿಂತೀನಿ, ಗಾಳಿ ಕುಡಿದರೂ ದಪ್ಪ ಆಗ್ತೀನಿ’. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ದಂಡ ಆಗಬಾರದೆಂದು ಬಾಯಿಗೆ ಹಾಕಿಕೊಂಡ ತಂಗಳು, ಸಂಜೆ ಕಾಫಿಯ ಜೊತೆ ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ, ಏಕಾದಶಿಯ ದಿನ ಉಪವಾಸದ ಹೆಸರಲ್ಲಿ ಕರಿದ ಸಬ್ಬಕ್ಕಿ ವಡೆ, ಇವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮನೆಗೆಲಸವೇ ವ್ಯಾಯಾಮ ಎನ್ನುವವರ ಮನೆಯಲ್ಲಿ ಒರಳಿನ ಜಾಗಕ್ಕೆ ಮಿಕ್ಸಿ ಬಂದಿದೆ, ಬಟ್ಟೆ ಒಗೆಯುವ ಕಲ್ಲಿನ ಜಾಗಕ್ಕೆ ವಾಷಿಂಗ್ ಮಷೀನು. ಬರಲಿ, ಬೇಡವೆಂದವರಾರು? ಉಳಿದ ಸಮಯ ಧಾರಾವಾಹಿಗೆ ಹೋಯಿತು ಎಂಬುದಷ್ಟೇ ತಕರಾರು. ಭಾರತದ ಹೆಂಗಸರಲ್ಲಿ ಶೇ 57ರಷ್ಟು ಮಂದಿ ಬೇಕಾದಷ್ಟು ಮೈ ಆಡಿಸುವುದಿಲ್ಲ ಎನ್ನುತ್ತದೆ 2022ರ ಅಂದಾಜು.

ಅರ್ಧ ತಪ್ಪು ಮನೆಯವರದು. ಮಗನ ಜಿಮ್ಮಿಗೆ ಫೀಸು ಕಟ್ಟುವ ಮನೆಯಲ್ಲಿ ತಾಯಿ ಅರ್ಧ ಗಂಟೆ ನಡೆಯಲು ಹೊರಟರೆ ‘ಈಗ ಎಲ್ಲಿಗೆ? ತಿಂಡಿ?’ ಎಂಬ ಕೂಗು. ಬಾಣಂತನದಲ್ಲಿ ತುಪ್ಪ, ಕೊಬ್ಬರಿ, ಅಂಟಿನ ಉಂಡೆ ತಿನ್ನಿಸಿ ಮೂರು ತಿಂಗಳು ಕೂರಿಸುವ ಅಜ್ಜಿಯರು ಅದನ್ನು ಇಳಿಸುವ ದಾರಿಯನ್ನು ಹೇಳಿದ್ದಿಲ್ಲ. ಹೆಂಡತಿಯ ದಪ್ಪವನ್ನು ಹಾಸ್ಯ ಮಾಡುವ ಗಂಡಸು ತನ್ನ ರಾತ್ರಿಯೂಟಕ್ಕೆ ಕರಿದದ್ದೇ ಆಗಬೇಕೆನ್ನುತ್ತಾನೆ. ವೈದ್ಯರಲ್ಲೂ ಅನೇಕರು ಮಂಡಿಗೆ ಮಾತ್ರೆ ಬರೆದು, ತೂಕದ ಮಾತನ್ನು ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಮ್ಮಾ’ ಎಂಬಲ್ಲಿಗೆ ಮುಗಿಸುತ್ತಾರೆ.

ಇಲ್ಲಿ ಹೇಳಿದ್ದನ್ನೆಲ್ಲ ಹೊತ್ತುಕೊಂಡು ಹೋಗಿ ಆಸ್ಪತ್ರೆಯಲ್ಲಿ ಮಲಗಿದವಳ ಮುಂದೆ ‘ತಿಂದು ತಿಂದು ತಂದುಕೊಂಡೆ’ ಎನ್ನುವ ನೆಂಟರು ಅಲ್ಲಿಗೆ ಹೋಗದಿರುವುದೇ ಉಪಕಾರ. ವಯಸ್ಸು, ವಂಶವಾಹಿ, ಎಂದು ಮೈನೆರೆದಳು, ಎಷ್ಟು ಹೆತ್ತಳು, ಎಷ್ಟು ಕಾಲ ಹಾಲೂಡಿಸಿದಳು, ಎಲ್ಲವೂ ಈ ಕಾಯಿಲೆಯಲ್ಲಿ ಸೇರಿಕೊಂಡಿವೆ. ತೆಳ್ಳಗಿರುವವರಿಗೂ ಬರುತ್ತದೆ. ತೂಕ ಈ ಪಟ್ಟಿಯಲ್ಲಿ ನಮ್ಮ ಕೈಗೆ ಸಿಗುವ ಕೆಲವೇ ಸಂಗತಿಗಳಲ್ಲಿ ಒಂದು.

ಕೈಗೆ ಸಿಗುವ ಇನ್ನೊಂದು ಪರೀಕ್ಷೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡಿಸಿತು. ಮ್ಯಾಮೊಗ್ರಾಮ್ ಅಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಕೈಬೆರಳು ಅಷ್ಟೇ. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂದಾಗ, ಆ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಇಂಥ ಪರೀಕ್ಷೆ 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಆದರೂ ದೇಶದ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ ಎಂದಿತು 2019-21ರ ಸಮೀಕ್ಷೆ. ಗಂಟು ಕೈಗೆ ತಾಕಿದ ಮೇಲೂ ಹಬ್ಬ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ, ಹೇಗೂ ನೋವಿಲ್ಲವಲ್ಲ ಎಂದು ಮುಂದೂಡುವವರಿದ್ದಾರೆ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.