ಸಣ್ಣ ಉದ್ಯಮದ ಶೀಲ

ಉದ್ಯಮಕ್ಕೆ ಬಂಡವಾಳ ಬೇಕೆಂಬುದನ್ನು ಎಲ್ಲರೂ ಬಲ್ಲರು. ಶೀಲವೂ ಬೇಕೆಂಬುದನ್ನು ನೆನೆಯುವವರು ವಿರಳ. ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವವರಾಗಲಿ, ನಾಲ್ವರನ್ನು ಕೆಲಸಕ್ಕಿಟ್ಟುಕೊಂಡು ಅಂಗಡಿ ನಡೆಯಿಸುವವರಾಗಲಿ, “ನಮ್ಮದು ಚಿಕ್ಕ ವ್ಯಾಪಾರ, ಧ್ಯೇಯ ನಿಯಮಗಳನ್ನೆಲ್ಲ ದೊಡ್ಡದಾದ ಮೇಲೆ ನೋಡಿಕೊಳ್ಳೋಣ” ಎನ್ನುವುದುಂಟು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮಕ್ಕಳಿಗೆ ಮಾತ್ರವಲ್ಲ, ಉದ್ಯಮಗಳಿಗೂ ಸಲ್ಲುವುದು.

ಇದಕ್ಕೆ ಮುಂಬಯಿಯ ಲಿಜ್ಜತ್ ಹಪ್ಪಳದ ಸಂಸ್ಥೆಯೇ ಉತ್ತಮ ದೃಷ್ಟಾಂತ. ೧೯೫೯ನೆಯ ಇಸವಿ ಮಾರ್ಚಿ ೧೫ರಂದು ಗಿರಗಾಂವಿನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗೃಹಿಣಿಯರು ಹಪ್ಪಳ ಮಾಡಲು ಕುಳಿತರು. ಅವರಲ್ಲಿ ಜಸವಂತಿಬೆನ್ ಪೋಪಟ್ ಒಬ್ಬರು. ಬಂಡವಾಳ ೮೦ ರೂಪಾಯಿ. ಅದೂ ಸಮಾಜಸೇವಕರಾದ ಛಗನ್‌ಲಾಲ್ ಪಾರೇಖರು ಕೊಟ್ಟ ಸಾಲ. ಮೊದಲ ದಿನ ಸಿದ್ಧವಾದುದು ನಾಲ್ಕೇ ಪೊಟ್ಟಣ. ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚವನ್ನೂ ಒಲೆಯನ್ನೂ ಕೊಂಡು, ಮೇಲೆ ಹಪ್ಪಳ ಹರಡಿ ಕೆಳಗೆ ಒಲೆಯಿಟ್ಟು ಒಣಗಿಸಿದರು.

ಇದು ಅವರ ಜಾಣ್ಮೆ. ಶೀಲದ ಪರೀಕ್ಷೆಯಾದುದು ಬೇರೊಂದೆಡೆಯಲ್ಲಿ. ಆರಂಭದಲ್ಲಿ ಅವರು ಎರಡು ತರದ ಹಪ್ಪಳ ಮಾಡುತ್ತಿದ್ದರು. ಕೀಳುತರದ್ದನ್ನು ಅಗ್ಗವಾಗಿ ಮಾರುವುದು ಉದ್ದೇಶ. ಪಾರೇಖರು ಇದನ್ನು ಒಪ್ಪಲಿಲ್ಲ. ಒಂದೇ ತರದ್ದನ್ನು ಮಾಡಿರಿ, ಗುಣದಲ್ಲಿ ಎಂದಿಗೂ ಇಳಿಯಬೇಡಿರಿ, ಲೆಕ್ಕವನ್ನು ಸರಿಯಾಗಿಡಿರಿ ಎಂದು ಬುದ್ಧಿ ಹೇಳಿದರು. ಬಡತನದ ಆ ದಿನಗಳಲ್ಲಿ ಬರುವ ಕಾಸನ್ನು ಬಿಡುವುದು ಸುಲಭವಲ್ಲ. ಆದರೆ ಅಡಿಗೆಮನೆಯನ್ನು ಬಲ್ಲವರಿಗೆ ಈ ಉಪದೇಶದ ಮರ್ಮ ತಿಳಿಯದಿರದು. ಎರಡನೆಯ ತರವೊಂದು ಇರುವಲ್ಲಿ, “ಇದು ಅದಕ್ಕೆ ಸಾಕು” ಎಂಬ ಮಾತು ಹುಟ್ಟುತ್ತದೆ. ಆ ಮಾತು ಕೈಗೆ ಅಭ್ಯಾಸವಾದರೆ ಮೊದಲನೆಯ ತರವೂ ಉಳಿಯದು.

ಎರಡನೆಯ ನಿಯಮವು ಮಾನಕ್ಕೆ ಸಂಬಂಧಿಸಿದ್ದು: ನಷ್ಟವಾದರೂ ಯಾರಲ್ಲಿಯೂ ದಾನ ಬೇಡತಕ್ಕದ್ದಲ್ಲ. ಅನುಕಂಪದಿಂದ ಕೊಂಡವನು ಒಮ್ಮೆ ಕೊಳ್ಳುವನು. ರುಚಿಗಾಗಿ ಕೊಂಡವನು ಮತ್ತೆ ಬರುವನು.

ಮೂರನೆಯದು ಒಡೆತನ. ಅಲ್ಲಿ ಹಪ್ಪಳ ಲಟ್ಟಿಸುವವಳು ಆಳಲ್ಲ, ಪಾಲುಗಾರಳು. ಒಬ್ಬರನ್ನೊಬ್ಬರು ‘ಬೆನ್’, ಎಂದರೆ ಅಕ್ಕತಂಗಿ, ಎಂದೇ ಕರೆಯುವರು. ಜಾತಿಮತಗಳ ಭೇದವಿಲ್ಲದೆ ಯಾವ ಹೆಂಗಸೂ ಸೇರಬಹುದು. ಶಾಖೆಯಲ್ಲಿ ಕಲಸಿದ ಹಿಟ್ಟನ್ನು ಬೆಳಿಗ್ಗೆ ಮನೆಗೆ ಒಯ್ದು, ಮರುದಿನ ಹಪ್ಪಳವನ್ನು ತಂದೊಪ್ಪಿಸಿ ಕೂಲಿ ಪಡೆಯುವರು. ಆದರೆ ಅಕ್ಕತಂಗಿಯೆಂಬ ದಾಕ್ಷಿಣ್ಯವು ತೂಕಕ್ಕೂ ಪರೀಕ್ಷೆಗೂ ಅಡ್ಡಬರುವುದಿಲ್ಲ. ಪ್ರೀತಿಯೂ ಲೆಕ್ಕವೂ ಒಂದೇ ಸೂರಿನಡಿ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಏಳು ಮಂದಿಯಿಂದ ಮೊದಲಾದ ಆ ಬಳಗವು ಈಗ ೪೦,೦೦೦ಕ್ಕೂ ಮಿಕ್ಕಿದೆ. ೨೦೨೧ರಲ್ಲಿ ಜಸವಂತಿಬೆನ್ನರಿಗೆ ಪದ್ಮಶ್ರೀ ಗೌರವವು ಸಂದಿತು.

ಸಂಸ್ಕೃತದಲ್ಲಿ ‘ಸಂಸ್ಥಾ’ ಎಂಬುದರ ಧಾತ್ವರ್ಥ ಕೂಡಿ ನಿಲ್ಲುವುದು. ಗೋಡೆಯ ಮೇಲೆ ಧ್ಯೇಯವಾಕ್ಯವನ್ನು ತೂಗುಹಾಕಿದ ಮಾತ್ರಕ್ಕೆ ಜನರು ಕೂಡಿ ನಿಲ್ಲುವುದಿಲ್ಲ. ಯಜಮಾನನು ನಷ್ಟದ ದಿನ ಏನು ಮಾಡುವನೆಂಬುದನ್ನು ಕೆಲಸದವರು ನೋಡುತ್ತಿರುತ್ತಾರೆ. ಅವರು ಕಲಿಯುವ ಪಾಠ ಅದೊಂದೇ. ಹಬ್ಬದ ಹಿಂದಿನ ದಿನ ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ ಕನರು ಎಣ್ಣೆಯನ್ನು ಚೆಲ್ಲಿದ ಯಜಮಾನನ ಅಂಗಡಿಯಲ್ಲಿ, ಮರುದಿನದಿಂದ ಹುಡುಗನು ತಾನಾಗಿಯೇ ಎಣ್ಣೆಯನ್ನು ಮೂಸಿ ನೋಡುವನು. ಅದನ್ನೇ ಬಳಸಿಬಿಡು ಎಂದವನ ಅಂಗಡಿಯಲ್ಲಿ ಎಷ್ಟು ಉಪದೇಶಮಾಡಿದರೂ ಫಲವಿಲ್ಲ.

ಆದುದರಿಂದ ಚಿಕ್ಕ ಉದ್ಯಮವನ್ನು ಕೈಕೊಂಡಿರುವ ಗೃಹಸ್ಥರು ಲಾಭದ ಲೆಕ್ಕ ಬರೆಯುವ ಪುಸ್ತಕದ ಮೊದಲ ಪುಟದಲ್ಲಿಯೇ, ಎಷ್ಟು ನಷ್ಟವಾದರೂ ತಾವು ಮಾಡದಿರುವ ಒಂದೆರಡು ಕೆಲಸಗಳನ್ನು ಬರೆದಿಡುವುದು ಲೇಸು. ಅದನ್ನು ಕೆಲಸದವರಿಗೂ ಓದಿಹೇಳಲಿ. ತಪ್ಪಿದಾಗ ನೆನಪಿಸುವ ಅಧಿಕಾರವನ್ನೂ ಅವರಿಗೆ ಕೊಡಲಿ.