ಅಳತೆ ಕೈಗೆ ಬರಬೇಕು

ಒಂದು ಮೀಟರಿಗೆ ಎಷ್ಟು ಸೆಂಟಿಮೀಟರು ಎಂದು ನಾಲ್ಕನೆಯ ಇಯತ್ತೆಯಲ್ಲಿ ಕೇಳಿದರೆ ‘ನೂರು’ ಎಂಬ ಉತ್ತರವು ಒಕ್ಕೊರಲಿನಿಂದ ಬರುತ್ತದೆ. ಆದರೆ ನಾನು ಪಾಠ ಹೇಳುತ್ತಿದ್ದ ಅಂತಹದೇ ಒಂದು ತರಗತಿಯಲ್ಲಿ, “ನೀವು ಕುಳಿತಿರುವ ಬೆಂಚಿನ ಉದ್ದವೆಷ್ಟಿರಬಹುದು?” ಎಂದು ಒಮ್ಮೆ ಕೇಳಿದಾಗ, ಜಾಣನೆನಿಸಿಕೊಂಡ ಹುಡುಗನೊಬ್ಬನು “ಹನ್ನೆರಡು ಮೀಟರು, ಸರ್” ಎಂದನು. ಯಾರೂ ನಗಲಿಲ್ಲ. ಅದು ನಗಬೇಕಾದ ಮಾತೆಂಬುದು ಉಳಿದವರಿಗೂ ತಿಳಿದಿರಲಿಲ್ಲ. ಕೋಷ್ಟಕವು ಎಲ್ಲರ ನಾಲಗೆಯ ಮೇಲಿತ್ತು. ಮೀಟರು ಯಾರ ಕಣ್ಣಿನಲ್ಲಿಯೂ ಇರಲಿಲ್ಲ. ತಪ್ಪು ಆ ಹುಡುಗನದಲ್ಲ, ಕಲಿಸಿದ ನನ್ನದು ಎಂದು ಅಂದೇ ನನಗೆ ಮನವರಿಕೆಯಾಯಿತು.

ಅಳತೆಯೆಂಬುದು ಕಂಠಪಾಠದ ವಿಷಯವಲ್ಲ, ಕೈಗೆಲಸದ ವಿಷಯ. ನಮ್ಮ ತಾಯಂದಿರು ಕಣ್ಣಂದಾಜಿನಿಂದಲೇ ಅಕ್ಕಿಯನ್ನು ಹಾಕಿ, ಹೆಚ್ಚುಕಡಿಮೆಯಿಲ್ಲದಂತೆ ಅನ್ನ ಮಾಡುತ್ತಾರೆ. ಆ ಅಂದಾಜು ಪುಸ್ತಕದಿಂದ ಬಂದುದಲ್ಲ. ಎಷ್ಟೋ ವರ್ಷ ಪಾವಿನಲ್ಲಿಯೋ ಲೋಟದಲ್ಲಿಯೋ ಅಳೆದು ಹಾಕಿದುದರ ಫಲ. ಶಾಲೆಯಲ್ಲಿಯೂ ಮೊದಲು ಕೈ ಅಳೆಯಬೇಕು. ಕೋಷ್ಟಕವು ಅನಂತರ ಬರಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ವಾರ ನಾವು ಬೆಂಚನ್ನು ಗೇಣಿನಿಂದ ಅಳೆದೆವು. ಒಬ್ಬನಿಗೆ ಎಂಟು ಗೇಣಾಯಿತು, ಇನ್ನೊಬ್ಬಳಿಗೆ ಏಳೂವರೆ, ನನಗೆ ಆರೇ ಆರು. “ಹಾಗಾದರೆ ಬೆಂಚು ಚಿಕ್ಕದಾಯಿತೇ?” ಎಂದು ಕೇಳಿದೆ. “ಬೆಂಚು ಅಷ್ಟೇ ಇದೆ, ನಿಮ್ಮ ಕೈ ದೊಡ್ಡದು” ಎಂದು ಮಕ್ಕಳೇ ಹೇಳಿದರು. ಎಲ್ಲರಿಗೂ ಒಂದೇ ಆದ ಮಾನವು ಏಕೆ ಬೇಕೆಂಬ ಪಾಠವನ್ನು ನಾನು ಹೇಳಬೇಕಾಗಲೇ ಇಲ್ಲ. ಅಳತೆಪಟ್ಟಿಯನ್ನಿಟ್ಟು ನೋಡಿದಾಗ ಎಲ್ಲರಿಗೂ ೧೨೦ ಸೆಂಟಿಮೀಟರೇ ಬಂದಿತು.

ನಮ್ಮ ದೇಶವು ಕಲಿತ ಪಾಠವೂ ಇದೇ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಆ ಗೊಂದಲವನ್ನು ಹೋಗಲಾಡಿಸಲು ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಯಿತು. ೧೯೫೮ರ ಅಕ್ಟೋಬರದಿಂದ ಮೀಟರು, ಕಿಲೋಗ್ರಾಮುಗಳು ಹಂತಹಂತವಾಗಿ ಬಳಕೆಗೆ ಬಂದವು. ಗೇಣು, ಮೊಳ, ಮಾರುಗಳು ಹೀನವಾದುವೆಂದು ಇದರ ಅರ್ಥವಲ್ಲ. ಹೂವಾಡಗಿತ್ತಿಯು ಇಂದಿಗೂ ಮೊಳದಿಂದಲೇ ಮಾಲೆಯನ್ನು ಅಳೆದು ಕೊಡುತ್ತಾಳೆ. ಮಗುವಿಗೆ ಮೀಟರಿನ ದಾರಿಯು ಗೇಣು ಮೊಳಗಳಿಂದಲೇ ತೆರೆಯುತ್ತದೆ.

ಇನ್ನೊಂದು ದಿನ ಹಳೆಯ ವರ್ತಮಾನಪತ್ರಿಕೆಗಳನ್ನು ಅಂಟಿಸಿ, ಉದ್ದ ಅಗಲ ಎರಡೂ ಒಂದೊಂದು ಮೀಟರಿರುವ ಚೌಕವನ್ನು ಮಾಡಿ ನೆಲದ ಮೇಲೆ ಹಾಸಿದೆವು. ಚದರ ಮೀಟರೆಂದರೆ ಇಷ್ಟು ಎಂದು ಮಕ್ಕಳು ಅದರ ಮೇಲೆ ನಿಂತು ತಿಳಿದರು. ಹೊರಗೆ ಮುಂಬಯಿಯ ಮಳೆ ಸುರಿಯುತ್ತಿತ್ತು. ೨೦೦೫ರ ಜುಲೈ ೨೬ರಂದು ಮೊದಲಾದ ೨೪ ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ ೯೪೪ ಮಿಲಿಮೀಟರು ಮಳೆಯಾಯಿತೆಂದು ಹೇಳಿ, ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿಸಿದೆ. ಗೆರೆಯು ಚಿಕ್ಕವರ ಎದೆಯವರೆಗೆ ಬಂದಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಎಂದಮೇಲೆ ಆ ಕಾಗದದ ಚೌಕದಷ್ಟೇ ನೆಲದ ಮೇಲೆ ೯೪೪ ಲೀಟರು, ಅಂದರೆ ೨೦ ಲೀಟರಿನ ಸುಮಾರು ೪೭ ಬಕೆಟ್ಟು ನೀರು! ನಗರವೇಕೆ ಮುಳುಗಿತೆಂಬುದು ಆಗ ಮಕ್ಕಳಿಗೆ ಅರ್ಥವಾಯಿತು. ಅದುವರೆಗೆ ೯೪೪ ಎಂಬುದು ಅವರಿಗೆ ಬರಿಯ ಅಂಕಿಯಾಗಿತ್ತು.

‘ಇದಕ್ಕೆಲ್ಲ ವೇಳೆಯೆಲ್ಲಿದೆ? ಪಾಠಗಳು ಮುಗಿಯಬೇಡವೇ?’ ಎಂದು ಕೇಳುವವರುಂಟು. ಅವರ ಕಷ್ಟವನ್ನು ನಾನು ಬಲ್ಲೆ. ತರಗತಿಯಲ್ಲಿ ಜಾಗ ಕಡಿಮೆ, ಗದ್ದಲ ಹೆಚ್ಚು, ಪರೀಕ್ಷೆ ಹತ್ತಿರ. ಆದರೂ ಅರ್ಥವಾಗದೆ ಮುಗಿದ ಪಾಠವನ್ನು ಮುಂದಿನ ವರ್ಷ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಉಳಿಯಿತೆಂದುಕೊಂಡ ವೇಳೆಯು ಅಲ್ಲಿಯೇ ಕಳೆದುಹೋಗುತ್ತದೆ. ಇದಕ್ಕೆ ಹಣವೂ ಬೇಕಾಗಿಲ್ಲ. ಒಂದು ದಾರ, ಒಂದು ಸೀಸೆ, ನಾಲ್ಕು ಹಳೆಯ ಪತ್ರಿಕೆಗಳಿದ್ದರೆ ಸಾಕು.

ವಿದ್ಯಾರ್ಥಿಮಿತ್ರರೇ, ಗುರುಗಳು ಮಾಡಿಸಲೆಂದು ನೀವು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಇಂದೇ ಮನೆಯ ಬಾಗಿಲಿನ ಎತ್ತರವನ್ನೋ ಕೊಡದಲ್ಲಿ ಹಿಡಿಯುವ ನೀರನ್ನೋ ಮೊದಲು ಅಂದಾಜು ಮಾಡಿ ಬರೆದುಕೊಳ್ಳಿರಿ; ಅನಂತರ ಅಳೆಯಿರಿ. ಅಳತೆಪಟ್ಟಿಯ ತುದಿಯನ್ನಲ್ಲ, ಸೊನ್ನೆಯ ಗೆರೆಯನ್ನು ವಸ್ತುವಿನ ಅಂಚಿಗೆ ಹಿಡಿಯಿರಿ. ಅಂದಾಜು ತಪ್ಪಾದರೆ ಅದನ್ನು ಅಳಿಸಿ ತಿದ್ದಬೇಡಿರಿ, ಪಕ್ಕದಲ್ಲಿಯೇ ನಿಜವನ್ನೂ ಬರೆಯಿರಿ. ಹತ್ತು ಸಲ ಹೀಗೆ ಮಾಡಿದರೆ ತಪ್ಪು ಕಡಿಮೆಯಾಗುತ್ತ ಬರುವುದನ್ನು ನೀವೇ ಕಾಣುವಿರಿ. ತನ್ನ ತಪ್ಪನ್ನು ಅಳೆದು ನೋಡಿಕೊಳ್ಳುವ ಧೈರ್ಯವೂ ಅಳತೆಯ ಪಾಠದಲ್ಲಿಯೇ ಸೇರಿದೆ.

ಹನ್ನೆರಡು ಮೀಟರು ಎಂದ ಆ ಹುಡುಗನು ವರ್ಷದ ಕೊನೆಯಲ್ಲಿ ನಮ್ಮ ಕೋಣೆಯ ಉದ್ದವನ್ನು ಕಣ್ಣಿನಿಂದಲೇ ಏಳು ಮೀಟರೆಂದನು. ದಾರ ಹಿಡಿದು ನೋಡಿದರೆ ಆರು ಮೀಟರು ಎಂಬತ್ತು ಸೆಂಟಿಮೀಟರಿತ್ತು. “ಇಪ್ಪತ್ತು ಸೆಂಟಿಮೀಟರು ತಪ್ಪಿದೆ, ಸರ್” ಎಂದು ಅವನು ನಗುತ್ತ ಬರೆದುಕೊಂಡನು. ಅವನಿಗೆ ನಾನು ಪೂರ್ಣ ಅಂಕಗಳನ್ನೇ ಕೊಟ್ಟೆ.